ಅಪ್‌ಡೇಟ್: ಒಳ್ಳೆಯ ಕ್ರಾಫ್ಟ್ ಬಿಯರ್ ಬಾರ್ ಹುಡುಕಾಟ

ನಗರದ ಬಡಾವಣೆಗಳಲ್ಲಿ ಒಳ್ಳೆಯ ಕ್ರಾಫ್ಟ್ ಬಿಯರ್ (ಸಣ್ಣ ತಯಾರಕರ ಬಿಯರ್) ಬಾರ್ ಗುರುತಿಸುವುದು ಹೇಗೆ ಅಂತ ಕೇಳಿದ್ದೆ. "ಮೆನು ಆಮೇಲೆ, ಮೊದಲು ಗ್ಲಾಸ್ ನೋಡಿ" ಅಂದಿದ್ದರು ಒಬ್ಬರು. ಆ ಮಾತೇ ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂತು.

ಗ್ಲಾಸಿನ ಒಳಬದಿಗೆ ಗುಳ್ಳೆಗಳು ಅಂಟಿಕೊಂಡು ನಿಂತಿದ್ದರೆ ತೊಳೆದದ್ದು ಸರಿಯಾಗಿಲ್ಲ. ಶುಚಿಯಾದ ಗ್ಲಾಸಿನಲ್ಲಿ ಪ್ರತಿ ಗುಟುಕಿಗೂ ನೊರೆ ಒಂದೊಂದು ಬಳೆಯಂತೆ ಗುರುತು ಬಿಟ್ಟು ಇಳಿಯುತ್ತದೆ. ನೋಡಲಿಕ್ಕೇ ಚೆಂದ!

ಬಿಯರ್ ಬರುವ ಪೈಪನ್ನು 14 ದಿನಕ್ಕೊಮ್ಮೆಯಾದರೂ ತೊಳೆಯಬೇಕು. ಇಲ್ಲದಿದ್ದರೆ ಹುಳಿ, ಬೆಣ್ಣೆಯಂಥ ವಾಸನೆ ಸೇರಿಕೊಳ್ಳುತ್ತದೆ. ಯಾವಾಗ ತೊಳೆದಿರಿ ಅಂತ ಸುಮ್ನೆ ಕೇಳಿ ನೋಡಿ. ಕಾಳಜಿ ಇರುವವರು ತಟ್ಟನೆ ಹೇಳುತ್ತಾರೆ.

ಟ್ಯಾಪ್ (ಬಿಯರ್ ಸುರಿಯುವ ನಲ್ಲಿ) ಜಾಸ್ತಿ ಇದ್ದರೆ ಒಳ್ಳೆಯದು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಟ್ಯಾಪ್ ಜಾಸ್ತಿಯಾದರೆ ಒಂದೊಂದು ಬಿಯರ್ ಖಾಲಿಯಾಗಲು ತಡವಾಗಬಹುದು. ಐಪಿಎ ಅನ್ನುವ ಬಗೆಯ ಬಿಯರಿನಲ್ಲಂತೂ ಹಾಪ್ಸ್ (ಬಿಯರಿಗೆ ಕಹಿ, ಪರಿಮಳ ಕೊಡುವ ಹೂವು) ಪರಿಮಳ ಬೇಗ ಮಾಸುತ್ತದೆ. ಕೆಗ್ (ಬಿಯರ್ ತುಂಬಿದ ಪೀಪಾಯಿ) ಬೇಗ ಖಾಲಿಯಾಗುವ ಸಣ್ಣ ಬಾರೇ ವಾಸಿ, ಅಲ್ವಾ?

ಇನ್ನೊಂದು ವಿಷಯ. ರಜೆಯ ದಿನ ನೀವೆಲ್ಲಿ ಕುಡಿಯುತ್ತೀರಿ ಅಂತ ಬಾರ್‌ಟೆಂಡರನ್ನು ಕೇಳಿದೆ. ಪಕ್ಕದ ಬಡಾವಣೆಯ ಬೋರ್ಡೂ ಕಾಣದ ಒಂದು ಜಾಗ ಹೇಳಿದರು. ಈಗ ನನಗೆ ತುಂಬ ಇಷ್ಟವಾದ ಬಾರ್ ಅದೇ. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್.