ಉಳುಕು ಎಳೆಸಬೇಕಾ? ಮನೆ ಗ್ರೂಪಿನಲ್ಲಿ ಭಾನುವಾರದ ಜಗಳ

ಸೋಮವಾರಪೇಟೆ ಮಾವ (ಫಾರ್ವರ್ಡ್): ಕಾಲು ಉಳುಕಿದರೆ ಆಸ್ಪತ್ರೆ ಬೇಡ. ಬಿಸಿ ಎಣ್ಣೆ ಹಚ್ಚಿ ಎಳೆಸಿ. 21 ದಿನ ಕಾಲು ನೆಲಕ್ಕೆ ತಾಗಿಸಬೇಡಿ. ಹತ್ತು ಜನಕ್ಕೆ ಕಳಿಸಿ.

ಮಾವ: ಮಳೆ ಹಿಡಿಯಿತು. ಎಲ್ಲರೂ ಓದಿ ಇಟ್ಟುಕೊಳ್ಳಿ.

ನಾನು: ಮಾವ, ಬೇಜಾರು ಮಾಡ್ಕೋಬೇಡಿ. ಎಳೆಸೋದೂ ತಪ್ಪು, 21 ದಿನ ಮಲಗೋದೂ ತಪ್ಪು.

ಮಾವ: ನಮ್ಮಪ್ಪನ ಕಾಲದಿಂದ ಎಳೆಸಿಕೊಂಡೇ ಬಂದಿದ್ದೇವೆ. ಯಾರೂ ಕುಂಟರಾಗಿಲ್ಲ.

ಅತ್ತೆ: ಕುಂಟರಾಗಿಲ್ಲ ಸರಿ. ನಿಮ್ಮ ಬಲಗಾಲು ವರ್ಷಕ್ಕೆ ಎರಡು ಸಲ ಉಳುಕುತ್ತದೆ ಅಲ್ವಾ?

ನಾನು: ಅತ್ತೆ ಹೇಳಿದ್ದೇ ವಿಷಯ. ಹೋದ ಜೂನ್‌ನಲ್ಲಿ ತೋಟದ ಮೆಟ್ಟಿಲ ಪಾಚಿ ಮೇಲೆ ಜಾರಿ ನನ್ನ ಪಾದ ಒಳಕ್ಕೆ ಮಡಚಿತು. ಹೊರಗಿನ ಗಂಟಿನ ಮುಂದೆ ನಿಂಬೆಹಣ್ಣಿನಷ್ಟು ಊತ. ಹತ್ತು ದಿನಕ್ಕೆ ನೋವು ಹೋಯಿತು, ಫಿಸಿಯೋ ಹೇಳಿದ ವ್ಯಾಯಾಮವನ್ನೂ ಬಿಟ್ಟೆ. ಮೂರನೇ ವಾರ ಅಂಗಳದಲ್ಲಿ ಸುಮ್ನೆ ನಡೆಯುವಾಗ ಮತ್ತೆ ಮಡಚಿತು. ಅಲ್ಲಿ ಕಲ್ಲೂ ಇಲ್ಲ, ಕೆಸರೂ ಇಲ್ಲ!

ಕುಶಾಲನಗರ ಭಾವ: ಅದು ಹೇಗೆ?

ನಾನು: ಪೆಟ್ಟಾಗಿದ್ದು ಎಲುಬುಗಳನ್ನು ಕಟ್ಟಿಹಿಡಿಯುವ ಲಿಗಮೆಂಟಿಗೆ. ಪಾದ ಎತ್ತ ವಾಲುತ್ತಿದೆ ಅಂತ ಮೆದುಳಿಗೆ ಸುದ್ದಿ ಮುಟ್ಟಿಸುವ ನರದ ತುದಿಗಳೂ ಅದರೊಳಗೇ ಇವೆ. ನೋವು ಬೇಗ ಹೋಗುತ್ತದೆ, ಆ ಸುದ್ದಿ ಸರಿಯಾಗಿ ಮುಟ್ಟೋಕೆ ತಿಂಗಳುಗಟ್ಟಲೆ ಬೇಕಾಗಬಹುದು.

ಮಾವ: ಎಳೆಸಿದ ತಕ್ಷಣ ಹಗುರ ಆಗುತ್ತದಲ್ಲ, ಅದಕ್ಕೇನು ಹೇಳ್ತೀಯ?

ನಾನು: ಒಳಗೆ ಎಲುಬು ಬಿರುಕು ಬಿಟ್ಟಿದ್ದರೆ? ಎಕ್ಸ್‌ರೇ ಬೇಕಾ ಅಂತ ತಿಳಿಯೋಕೆ ಡಾಕ್ಟರುಗಳು ಒಟ್ಟಾವಾ ನಿಯಮ ಅಂತ ನೋಡುತ್ತಾರೆ, ಕೆನಡಾದಲ್ಲಿ 1992ರಲ್ಲಿ ಬಂದದ್ದು. ನಾಲ್ಕು ಹೆಜ್ಜೆ ಇಡೋಕಾಗದಿದ್ದರೆ, ಇಲ್ಲಾ ಗಂಟಿನ ಹಿಂಬದಿ ಎಲುಬು ಒತ್ತಿದಾಗ ನೋವಾದರೆ ಎಕ್ಸ್‌ರೇ. ಅದು ಗೊತ್ತಾಗದೆ ಎಳೆಸೋಕೆ ಕೊಡಬಾರದು.

ಭಾವ: ಐಸ್ ಇಟ್ಟು ಕಾಲು ಮೇಲಿಟ್ಟು ಮಲಗು ಅಂತ ನಮ್ಮ ಹಾಕಿ ಕೋಚ್ ಹೇಳುತ್ತಿದ್ದರು.

ನಾನು: 1978ರಲ್ಲಿ ಆ ಸೂತ್ರ ಕೊಟ್ಟವರು ಗೇಬ್ ಮಿರ್ಕಿನ್ ಅನ್ನೋ ಡಾಕ್ಟರು. ಐಸೂ ಪೂರ್ತಿ ವಿಶ್ರಾಂತಿಯೂ ಗಾಯ ಮಾಯೋದನ್ನು ತಡ ಮಾಡಬಹುದು ಅಂತ ಆಮೇಲೆ ಅವರೇ ಹೇಳಿದರು. ನೋವಿಗೆ ಸ್ವಲ್ಪ ಹೊತ್ತು ಇಡಿ, ತೊಂದರೆಯಿಲ್ಲ. ಮೊದಲ ಒಂದೆರಡು ದಿನ ಕಳೆದ ಮೇಲೆ ನೋವು ತಡೆಯುವಷ್ಟು ಕಾಲೂರಬೇಕು.

ಮಾವ: ನೀನು ಕುರ್ಚಿ ಮೇಲೆ ಕೂರುವವನು. ಕಾಫಿ ಕೊಯ್ಯುವವರು ಕೂಲಿ ಬಿಟ್ಟು ವಾರವಾರ ಮಡಿಕೇರಿಗೆ ಹೋಗೋಕಾಗುತ್ತಾ?

ಈ ಮಾತಿಗೆ ನನ್ನ ಹತ್ತಿರ ಪೂರ್ತಿ ಉತ್ತರ ಇರಲಿಲ್ಲ.

ನಾನು: ಅದು ನಿಜ ಮಾವ. ಒಂದೆರಡು ಸಲ ಹೋಗಿ ಕಲಿತರೆ ಜಾಸ್ತಿ ಕೆಲಸ ಮನೆಯಲ್ಲೇ ಆಗುತ್ತದೆ. ಗೋಡೆ ಹಿಡಿದು ಹಿಮ್ಮಡಿ ಎತ್ತಿ ಇಳಿಸೋದು. ಹಲ್ಲುಜ್ಜುವಾಗ ಒಂಟಿಕಾಲಲ್ಲಿ ನಿಲ್ಲೋದು, ಆಮೇಲೆ ಕಣ್ಣು ಮುಚ್ಚಿ. ಮೊದಲ ದಿನ ನನಗೆ ಐದು ಸೆಕೆಂಡೂ ಆಗಲಿಲ್ಲ. ಪಾದ ದಡಕ್ಕೆ ಬಿದ್ದ ಮೀನಿನ ಹಾಗೆ ಒದ್ದಾಡಿತು, ಬ್ರಷ್ಷು ಸಿಂಕಿಗೆ ಬಿತ್ತು. ಕಾಫಿ ಕಣದಲ್ಲಿ ಒಂಟಿಕಾಲಲ್ಲಿ ಕುಪ್ಪಳಿಸೋಕೆ ಮೂರು ತಿಂಗಳು ಹಿಡಿಯಿತು.

(ಹತ್ತು ನಿಮಿಷ ಗ್ರೂಪಿನಲ್ಲಿ ಸದ್ದಿಲ್ಲ.)

ಮಾವ: ಎಡಗಾಲಲ್ಲಿ ಇಪ್ಪತ್ತು ಸೆಕೆಂಡ್ ನಿಂತೆ. ಬಲಗಾಲಲ್ಲಿ ಮೂರು.

ನಾನು: ಗೋಡೆ ಪಕ್ಕ ನಿಂತು ಮಾಡಿ ಮಾವ.

ಅತ್ತೆ: ಈಗ ಹೇಳು. ಕಾಫಿ ಲೋಟ ಒಡೆದಾಯಿತು.