‘ಮುಳ್ಳುರಹಿತ’ ಅಂದರೆ ಎಲ್ಲಿಯ ಮುಳ್ಳು?

ಚಿಕ್ಕಮಗಳೂರಿನ ನಮ್ಮ ಮನೆ ತಾರಸಿಯಲ್ಲಿ ಹಳೇ ಡ್ರಮ್ಮಿಗೆ ಮಣ್ಣು ತುಂಬಿ, ನಡುವೆ ಕಂಬ ನೆಟ್ಟು ಡ್ರ್ಯಾಗನ್ ಹಣ್ಣಿನ ಬಳ್ಳಿ ಹಬ್ಬಿಸಿದ್ದೇನೆ. ಗಿಡ ತಂದಾಗ ಚೀಟಿಯಲ್ಲಿ ‘ಮುಳ್ಳುರಹಿತ ಹಳದಿ’ ಎಂದಿತ್ತು. ಮೊನ್ನೆ ಬಳ್ಳಿ ಕಟ್ಟುವಾಗ ಅಂಗೈಯಲ್ಲಿ ನಾಲ್ಕು ಮುಳ್ಳು ಮುರಿದುಕೊಂಡವು. ಮೂರು ಏಣಿನ ಬಳ್ಳಿ. ಏಣಿನ ಉದ್ದಕ್ಕೂ ಗರಗಸದ ಹಾಗೆ ಕಚ್ಚು, ಒಂದೊಂದು ಕಚ್ಚಿನಲ್ಲೂ ಅಕ್ಕಿ ನುಚ್ಚಿನಷ್ಟು ಮೂರು ನಾಲ್ಕು ಮುಳ್ಳು. ಮಾರಿದವರನ್ನು ಬೈದುಕೊಳ್ಳುತ್ತಲೇ ಚಿಮುಟದಲ್ಲಿ ಕಿತ್ತೆ.

ಆಮೇಲೆ ತಿಳಿಯಿತು, ಚೀಟಿ ಹೇಳಿದ್ದು ಹಣ್ಣಿನ ವಿಷಯ. ದಕ್ಷಿಣ ಅಮೆರಿಕದ ಒಂದು ಹಳದಿ ಜಾತಿಯಲ್ಲಿ ಹಣ್ಣಿನ ಮೈಮೇಲೂ ಮುಳ್ಳಿನ ಗೊಂಚಲು. ಹಣ್ಣಾದ ಮೇಲೆ ಉಜ್ಜಿದರೆ ಉದುರುತ್ತದೆ. ನನ್ನದು ಹಾಗಲ್ಲ, ಸಿಪ್ಪೆ ನುಣುಪು. ಬಳ್ಳಿಗೆ ಮುಳ್ಳಿದೆ, ಹಣ್ಣಿಗಿಲ್ಲ. ಹಾಗಿದ್ದರೆ ‘ಮುಳ್ಳುರಹಿತ’ ಎಂಬ ಒಂದೇ ಮಾತು ಯಾವುದಕ್ಕೆ ಅಂಟಬೇಕು?

ನಮ್ಮ ‘ಮುಳ್ಳು’ ಬಲು ಉದಾರಿ. ನಿಂಬೆಯ ಮುಳ್ಳು ಕೊಂಬೆಯ ರೂಪಾಂತರ, ಗುಲಾಬಿಯದು ಬರೀ ಸಿಪ್ಪೆಯ ಉಬ್ಬು, ಕಳ್ಳಿಯದು (ಡ್ರ್ಯಾಗನ್ ಬಳ್ಳಿಯೂ ಕಳ್ಳಿಯೇ) ಎಲೆಯೇ ಮಾರ್ಪಟ್ಟದ್ದು. ಮೂರಕ್ಕೂ ನಮಗೆ ಒಂದೇ ಪದ. ಹಲಸಿನ ಮೈಗೂ ಮುಳ್ಳು, ಮೀನಿಗೂ ಮುಳ್ಳು, ಗಡಿಯಾರಕ್ಕೂ ಮುಳ್ಳು. ಮುಳ್ಳುಸೌತೆಯ ಎಳೆಗಾಯಿ ಮೇಲಿನ ಸಣ್ಣ ಗಂಟಿಗೂ ಅದೇ ಹೆಸರು, ಅದು ಚುಚ್ಚಿ ಯಾರೂ ಅತ್ತದ್ದಿಲ್ಲ.

‘ಮುಳ್ಳುರಹಿತ’ ನನಗೆ ರುಚಿಸುವುದಿಲ್ಲ. ಕನ್ನಡಕ್ಕೆ ಸಂಸ್ಕೃತ ಹೊಲಿದ ಅರಿಸಮಾಸ ಎಂಬುದು ಇರಲಿ, ಇಲಾಖೆಯ ಸುತ್ತೋಲೆಯ ವಾಸನೆ ಬರುತ್ತದೆ. ‘ನಿಷ್ಕಂಟಕ’ ಅಂದರೆ ರಾಜ್ಯಭಾರ ನೆನಪಾಗುತ್ತದೆ. ಕೋಡಿಲ್ಲದ ಎಮ್ಮೆಯನ್ನು ಬೋಳು ಎಮ್ಮೆ ಅನ್ನುತ್ತೇವಲ್ಲ, ಹಾಗೆ ‘ಬೋಳು ಹಳದಿ’ ಎಂದರೆ? ನನ್ನ ಒಲವು ಇದಕ್ಕೇ. ಆದರೆ ಪಕ್ಕದ ಮನೆಯವರು ‘ಬೋಳು ಅಂದ್ರೆ ಎಲೆ ಉದುರಿದ್ದಲ್ವಾ?’ ಅಂದರು. ಕಳ್ಳಿಗೆ ಎಲೆಯೇ ಇಲ್ಲ ಅಂದೆ, ಒಪ್ಪಲಿಲ್ಲ.

ಅಂದಹಾಗೆ, ಮನೆಮನೆಯಲ್ಲಿ ರಾತ್ರಿ ಅರಳುವ ‘ಬ್ರಹ್ಮಕಮಲ’ ಕೂಡ ಕಳ್ಳಿಯ ಕುಲದ್ದೇ. ಅದಕ್ಕೆ ಮುಳ್ಳಿಲ್ಲ, ಆದರೂ ಯಾರೂ ಅದನ್ನು ಮುಳ್ಳುರಹಿತ ಎಂದು ಕರೆಯುವುದಿಲ್ಲ. ಡ್ರ್ಯಾಗನ್ ಬಳ್ಳಿಯ ಹೂವೂ ಹಾಗೇ, ರಾತ್ರಿ ಅರಳಿ ಬೆಳಿಗ್ಗೆ ಬಾಡುವಂಥದ್ದು. 2021ರಲ್ಲಿ ಗುಜರಾತ್ ಸರ್ಕಾರ ಈ ಹಣ್ಣಿಗೆ ‘ಕಮಲಂ’ ಎಂದು ಹೆಸರಿಟ್ಟಿತು. ಕೆರೆಯದೊಂದು, ಕುಂಡದ್ದೊಂದು, ಈಗ ಹಣ್ಣಿನದೊಂದು ಕಮಲ. ನಮ್ಮ ಸಂತೆಯಲ್ಲಿ ಮಾತ್ರ ಇನ್ನೂ ‘ಡ್ರ್ಯಾಗನ್’ ಅಂದರೇ ತಕ್ಕಡಿಗೆ ಹಾಕುತ್ತಾರೆ.

‘ಪಾಪಾಸುಕಳ್ಳಿ’ಯ ಪಾಪಾಸು ಅಂದರೆ ಚಪ್ಪಲಿ, ಪಾರಸಿಯಿಂದ ಬಂದದ್ದು. ಚಪ್ಪಟೆ ತುಂಡು ಕಂಡು ಯಾರೋ ಹಾಗೆ ಕರೆದಿರಬೇಕು, ನಿಂತೇಬಿಟ್ಟಿತು. ಕಣ್ಣಿಗೆ ಕಂಡದ್ದನ್ನು ಹಾಗೆ ಹಿಡಿಯುವ ಪದ ಬೇಕು ನನಗೆ.

ಹಾಸನ, ಅರಸೀಕೆರೆ, ಕಡೂರು ಕಡೆ ಮುಳ್ಳಿಲ್ಲದ ಬದನೆಗೋ ಜಾಲಿಗೋ ಬೇರೆ ಮಾತಿದ್ದರೆ ತಿಳಿಸಿ. ಜೊತೆಗೆ ಇನ್ನೊಂದು: ಹಣ್ಣಿನ ಮೈಯಿಂದ ಹೊರಚಾಚಿದ, ತುದಿ ಹಸಿರಾದ ಆ ಪಕಳೆಗಳಿಗೆ ನೀವೇನನ್ನುತ್ತೀರಿ? ನಮ್ಮಮ್ಮ ‘ಕಿವಿ’ ಅನ್ನುತ್ತಾರೆ. ‘ಕಿವಿ ಬಾಡಿದೆ ನೋಡು, ಕೊಯ್ಯಿ.’