ಪದಚರ್ಚೆ: ‘ಗಡ್ಡೆ ತೆಗೆಸುವುದು’, ‘ಗರ್ಭಚೀಲ ತೆಗೆಸುವುದು’

ಗರ್ಭಕೋಶದ ಫೈಬ್ರಾಯ್ಡ್‌ಗೆ ನಿಮ್ಮ ಕಡೆ ಯಾವ ಪದ ರೂಢಿಯಲ್ಲಿದೆ? ನಮ್ಮೂರಿನ ಸ್ವಸಹಾಯ ಸಂಘದ ಹೆಂಗಸರಿಗಾಗಿ ಒಂದು ಪುಟದ ತಿಳಿವಳಿಕೆ ಪತ್ರ ಬರೆಯುತ್ತಿದ್ದೇನೆ. ಫೈಬ್ರಾಯ್ಡ್‌ನ ಶಸ್ತ್ರಚಿಕಿತ್ಸೆ ನನಗೂ ಆಗಿರುವುದರಿಂದ ಅಕ್ಕಪಕ್ಕದವರು ನನ್ನನ್ನೇ ಕೇಳುತ್ತಾರೆ. ಅವರಿಗೆ ತಪ್ಪು ಅರ್ಥ ಕೊಡುವ ಒಂದು ಪದವೂ ಅದರಲ್ಲಿ ಇರಬಾರದು ಎಂಬುದು ನನ್ನ ಆಸೆ.

ಕುಮಟಾ, ಹೊನ್ನಾವರದ ಕಡೆ ನಾನು ಕೇಳಿರುವುದು ಗಡ್ಡೆ, ಗಂಟು, ದುರ್ಮಾಂಸ. ಪತ್ರಿಕೆಗಳಲ್ಲಿ ‘ನಾರುಗಡ್ಡೆ’ ಎಂದು ಓದಿದ್ದೇನೆ. ಇವುಗಳಲ್ಲಿ ‘ದುರ್ಮಾಂಸ’ವನ್ನು ಕೈಬಿಡಬೇಕೆಂದು ನನಗೆ ಬಲವಾಗಿ ಅನ್ನಿಸುತ್ತದೆ. ‘ದುರ್’ ಎಂದ ಕೂಡಲೇ ಕೇಳುವವರ ಮನಸ್ಸು ಕ್ಯಾನ್ಸರ್‌ಗೆ ಹೋಗುತ್ತದೆ. ಫೈಬ್ರಾಯ್ಡ್ ಎಂದರೆ ಗರ್ಭಕೋಶದ ಗೋಡೆಯಲ್ಲಿರುವ ಸ್ನಾಯುವೇ ನಾರಿನೊಂದಿಗೆ ಸೇರಿ ಬೆಳೆಯುವ ಗಂಟು. ಕ್ಯಾನ್ಸರ್ ಆಗಿರುವುದು ತೀರಾ ಅಪರೂಪ. ತೊಂದರೆ ಕೊಡದಿದ್ದರೆ ಹಾಗೇ ಬಿಟ್ಟು ನೋಡಿಕೊಳ್ಳಬಹುದು, ಮುಟ್ಟು ನಿಂತ ಮೇಲೆ ಸಾಮಾನ್ಯವಾಗಿ ತಾನೇ ಕುಗ್ಗುತ್ತದೆ. ‘ದುರ್ಮಾಂಸ’ ಎಂದು ಕೇಳಿದ ಹೆಂಗಸಿಗೆ ಕಾದು ನೋಡುವ ಧೈರ್ಯ ಬರುವುದಾದರೂ ಹೇಗೆ?

ಶಿರಸಿಯ ಹಿರಿಯರೊಬ್ಬರು ‘ಗುಲ್ಮ’ ಎಂದು ಬರೆಯಲು ಹೇಳಿದರು. ಹೊಟ್ಟೆಯಲ್ಲಿ ಗಂಟಿನಂತೆ ಕಾಣುವ ತೊಂದರೆಗೆ ಅದು ಆಯುರ್ವೇದದ ಹೆಸರು. ಅಲ್ಲಿ ಹೇಳುವ ಐದು ಬಗೆಯ ಗುಲ್ಮಗಳಲ್ಲಿ ರಕ್ತಗುಲ್ಮ ಹೆಂಗಸರದು, ನಿಜ. ಆದರೆ ಅದರ ಲಕ್ಷಣಗಳ ವ್ಯಾಪ್ತಿ ಬೇರೆ; ಸ್ಕ್ಯಾನಿಂಗ್ ವರದಿಯಲ್ಲಿ ಕಾಣುವ ಫೈಬ್ರಾಯ್ಡ್‌ಗೆ ಆ ಹೆಸರನ್ನು ಹಚ್ಚುವುದು ಸರಿಯಲ್ಲ.

ಹೆಸರಿಗಿಂತ ಹೆಚ್ಚು ಗೊಂದಲ ಇರುವುದು ಕ್ರಿಯಾಪದದಲ್ಲಿ. ನಮ್ಮಲ್ಲಿ ‘ಅವಳಿಗೆ ಆಪರೇಶನ್ ಆಗಿದೆ’ ಎಂದರೆ ಮಕ್ಕಳಾಗದಂತೆ ಮಾಡಿಸಿಕೊಂಡಿದ್ದಾಳೆ ಎಂದೇ ಮೊದಲ ಅರ್ಥ. ಫೈಬ್ರಾಯ್ಡ್‌ಗೆ ಚಿಕಿತ್ಸೆ ಆದವರು ‘ಗಡ್ಡೆ ತೆಗೆಸಿದೆ’ ಎನ್ನುತ್ತಾರೆ, ವಿಚಾರಿಸಿದರೆ ಗರ್ಭಕೋಶವನ್ನೇ ತೆಗೆದಿರುತ್ತಾರೆ. ಎರಡೂ ಒಂದೇ ಅಲ್ಲ. ಗಡ್ಡೆ ಮಾತ್ರ ತೆಗೆದರೆ ಗರ್ಭಕೋಶ ಉಳಿಯುತ್ತದೆ, ಮುಟ್ಟು ಬರುತ್ತದೆ, ಮಗುವಿನ ಆಸೆಯನ್ನೂ ಇಟ್ಟುಕೊಳ್ಳಬಹುದು. ಹೊಸ ಗಡ್ಡೆ ಮತ್ತೆ ಬೆಳೆಯಲೂಬಹುದು. ಗರ್ಭಕೋಶವನ್ನೇ ತೆಗೆದರೆ ಮುಟ್ಟೂ ಇಲ್ಲ, ಬಸಿರೂ ಇಲ್ಲ, ಗಡ್ಡೆ ಮರಳಿ ಬರುವ ಭಯವೂ ಇಲ್ಲ. ಇಷ್ಟು ದೊಡ್ಡ ವ್ಯತ್ಯಾಸವನ್ನು ಒಂದೇ ಮಾತು ಮುಚ್ಚಿಹಾಕುತ್ತದೆ, ಆಮೇಲೆ ಒಪ್ಪಿಗೆ ಪತ್ರಕ್ಕೆ ಸಹಿ ಬೀಳುತ್ತದೆ.

‘ಗರ್ಭಚೀಲ’ದಲ್ಲೂ ಒಂದು ತೊಡಕಿದೆ. ಚೀಲ ತೆಗೆದರೆ ಅಂಡಾಶಯವೂ ಹೋಯಿತು ಎಂದುಕೊಳ್ಳುವವರು ಬಹಳ. ಅಂಡಾಶಯ ಉಳಿಸಿದರೆ ಹಾರ್ಮೋನ್ ಬರುತ್ತಲೇ ಇರುತ್ತದೆ. ಅದನ್ನೂ ತೆಗೆದರೆ ಮೈ ಕಾವೇರುವುದು, ಬೆವರುವುದು ಕೂಡಲೇ ಶುರುವಾಗಬಹುದು, ಮೂಳೆಯೂ ಸವೆಯುತ್ತದೆ. ಆದ್ದರಿಂದ ಪತ್ರದಲ್ಲಿ ಹೀಗೆ ಬರೆದಿದ್ದೇನೆ: ‘ಗಡ್ಡೆ ಮಾತ್ರವೇ, ಗರ್ಭಕೋಶವೇ, ಅಂಡಾಶಯವೂ ಸೇರಿಯೇ ಎಂದು ಕೇಳಿ. ಮಾತ್ರೆ, ಹಾರ್ಮೋನ್ ಇರುವ ವಂಕಿ, ಗಡ್ಡೆಗೆ ಹೋಗುವ ರಕ್ತನಾಳ ಮುಚ್ಚುವ ಚಿಕಿತ್ಸೆ ನನಗೆ ಹೊಂದುತ್ತದೆಯೇ ಎಂದೂ ಕೇಳಿ.’ ಗರ್ಭಕೋಶದೊಳಗೆ ಇಡುವ ಸಾಧನಕ್ಕೆ ‘ವಂಕಿ’ ಎಂದರೆ ಎಲ್ಲರಿಗೂ ತಿಳಿಯುತ್ತದೆಯಲ್ಲವೇ? ನಮ್ಮ ಜಿಲ್ಲೆಯವರು ದೊಡ್ಡ ಚಿಕಿತ್ಸೆಗೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವಾ ಎಂದು ಹೊರಗೆ ಹೋಗುವುದೇ ಹೆಚ್ಚು. ಅಲ್ಲಿನ ವೈದ್ಯರಿಗೂ ಅರ್ಥವಾಗುವ ಪದ ಬೇಕು.

ಇನ್ನು ಚೇತರಿಕೆ. ವೈದ್ಯರು ‘ರೆಸ್ಟ್’ ಎಂದರೆ ಮನೆಯವರಿಗೆ ಮಲಗಿರುವುದು ಎಂದು ಕೇಳಿಸುತ್ತದೆ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಿರಲು ಬೇಗ ಎದ್ದು ನಡೆದಾಡಬೇಕು. ಆದರೆ ಭಾರ ಎತ್ತಬಾರದು. ಹೊಟ್ಟೆ ಕೊಯ್ದು ಗರ್ಭಕೋಶ ತೆಗೆದಿದ್ದರೆ ಸುಧಾರಿಸಲು ಆರರಿಂದ ಎಂಟು ವಾರ ಬೇಕು. ಸಣ್ಣ ರಂಧ್ರಗಳ ಮೂಲಕ ಮಾಡಿದ್ದರೆ ಬೇಗ ಓಡಾಡಬಹುದು. ಆದರೂ ಒಳಗಿನ ಹೊಲಿಗೆ ಹಸಿಯಾಗಿಯೇ ಇರುತ್ತದೆ. ಹೊರಗೆ ಗಾಯ ಕಾಣದ ಕಾರಣಕ್ಕೇ ಬಾವಿಯ ಕೊಡ, ಹುಲ್ಲಿನ ಹೊರೆ ಅವಳ ಪಾಲಿಗೆ ಬೇಗ ಮರಳುತ್ತವೆ. ಇದನ್ನು ಕಂಡಾಗ ನನಗೆ ಸಿಟ್ಟೇ ಬರುತ್ತದೆ.

ನನ್ನ ತಾಯಿ ಈ ಆರೈಕೆಯನ್ನು ‘ಬಾಣಂತನ’ ಎಂದೇ ಕರೆದರು. ಆ ಪದಕ್ಕೆ ಮನೆಯಲ್ಲಿ ಅಧಿಕಾರವಿದೆ. ಬಾಣಂತಿಗೆ ಕೊಡ ಎತ್ತಲು ಯಾರೂ ಹೇಳುವುದಿಲ್ಲ. ಆದರೆ ಮಕ್ಕಳಿಲ್ಲದೆ ಗರ್ಭಕೋಶ ಕಳೆದುಕೊಂಡವಳು ಅದನ್ನು ಓದಿದರೆ ಎಷ್ಟು ನೋವಾದೀತು! ಅಚ್ಚಿನಲ್ಲಿ ಅದು ಬೇಡ ಎಂದು ತೀರ್ಮಾನಿಸಿದ್ದೇನೆ. ಅಷ್ಟೇ ಅಧಿಕಾರವಿರುವ ಬೇರೆ ಪದ ಇನ್ನೂ ಸಿಕ್ಕಿಲ್ಲ.

‘ನಂಜು’ ಕೂಡ ಎಚ್ಚರದಿಂದ ಬಳಸಬೇಕಾದ ಪದ. ಸೋಂಕಿಗೆ ಅದು ಒಳ್ಳೆಯ ಪದವೇ. ಆದರೆ ಕರಾವಳಿಯಲ್ಲಿ ನಂಜು ಎಂದ ಕೂಡಲೇ ಮೀನು, ಬದನೆಕಾಯಿ ಬಂದ್. ತಿಂಗಳುಗಟ್ಟಲೆ ಅತಿಸ್ರಾವದಿಂದ ರಕ್ತ ಕಡಿಮೆಯಾದವಳಿಗೆ ಮೀನನ್ನೂ ತಪ್ಪಿಸಿದರೆ ಹೇಗೆ? ಹಾಗಾಗಿ ‘ಜ್ವರ, ಕೀವು, ಕೆಟ್ಟ ವಾಸನೆಯ ಸ್ರಾವ, ಹೆಚ್ಚು ರಕ್ತ, ಕಾಲಿನ ಊತ ಕಂಡರೆ ಕೂಡಲೇ ವೈದ್ಯರಲ್ಲಿಗೆ ಹೋಗಿ’ ಎಂದು ಬಿಡಿಸಿ ಬರೆದಿದ್ದೇನೆ.

ಅಂಕೋಲಾ, ಭಟ್ಕಳ, ಯಲ್ಲಾಪುರ, ಸಿದ್ದಾಪುರದ ಕಡೆಯವರು ನಿಮ್ಮ ಮನೆಮಾತಿನ ಪದಗಳನ್ನು ತಿಳಿಸಬೇಕು, ಮುಖ್ಯವಾಗಿ ಆರೈಕೆಯ ಪದವನ್ನು. ಅದನ್ನು ಯಾರು ಯಾರಿಗೆ ಹೇಳುತ್ತಾರೆ, ಗಂಡಸರ ಎದುರಿಗೂ ಹೇಳುತ್ತಾರೆಯೇ ಎಂಬುದನ್ನೂ ಬರೆದರೆ ಉಪಕಾರವಾಗುತ್ತದೆ.